ಮಾಂತ್ರಿಕನಿಗೆ ಮಂತ್ರ ತಾನಾಗಿ ಬರುವುದಿಲ್ಲ

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಯುವ ಪುರವಣಿಯಲ್ಲಿ ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳನ್ನು ಕುರಿತು ಇತ್ತೀಚೆಗೆ ಪ್ರಕಟವಾದ ಪರಿಚಯ ಲೇಖನವನ್ನು ಸಂತೋಷದಿಂದ ಓದಿದೆ. ಆಟವೆಂದರೆ ಮೊಬೈಲು ಎನ್ನುವಂತಾಗಿರುವ ಈ ದಿನಗಳಲ್ಲಿ ಕಾಗದ, ಪೆನ್ಸಿಲ್, ದಾಳ ಮತ್ತು ಮಾತು ಇಷ್ಟರಿಂದಲೇ ನಡೆಯುವ ಆಟವೊಂದಕ್ಕೆ ತಾವು ಜಾಗ ಕೊಟ್ಟದ್ದು ಮೆಚ್ಚತಕ್ಕ ಸಂಗತಿ. ಆದರೆ ಮಾಂತ್ರಿಕನ ಪಾತ್ರವನ್ನು ವಿವರಿಸುವ ಭಾಗದಲ್ಲಿ, ಅವನ ಲೆವೆಲ್ ಏರಿದಂತೆಲ್ಲ ಹೊಸ ಮಂತ್ರಗಳು ತಾವಾಗಿಯೇ ಅವನಿಗೆ ದೊರೆಯುತ್ತವೆ ಎಂದು ಲೇಖಕರು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದಾರೆ. ಆ ವಾಕ್ಯ ಪೂರ್ತಿ ಸುಳ್ಳಲ್ಲ. ಆದರೆ ಅದು ಹೇಳದೆ ಬಿಟ್ಟ ಭಾಗವೇ ಈ ಪಾತ್ರದ ಜೀವಾಳ ಎಂಬುದು ನನ್ನ ಅಭಿಪ್ರಾಯ. ವಿಜಯಪುರದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ರವಿವಾರಗಳಂದು ಈ ಆಟವನ್ನು ನಡೆಸಿಕೊಡುವವನು ನಾನು. ತಮ್ಮ ಲೇಖನವನ್ನು ಓದಿ ಹೊಸಬರು ಬರುತ್ತಿದ್ದಾರೆ, ಬಂದವರಲ್ಲಿ ಹೆಚ್ಚಿನವರು ಮಾಂತ್ರಿಕನೇ ಬೇಕೆನ್ನುತ್ತಾರೆ, ಮಂತ್ರಗಳನ್ನು ಯಾರಾದರೂ ತಂದು ಕೈಗಿಡುತ್ತಾರೆ ಎಂದೂ ನಿರೀಕ್ಷಿಸುತ್ತಾರೆ. ಆದ್ದರಿಂದ ಈ ಪತ್ರ.

ಆಟದ ಪರಿಚಯ ಇಲ್ಲದ ಓದುಗರಿಗಾಗಿ ಎರಡು ಮಾತು ಹೇಳಬೇಕಾಗುತ್ತದೆ. ಈ ಬಗೆಯ ಮೊದಲ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದರು. ಅದು 1974ರಲ್ಲಿ ಮೂರು ಕಿರುಪುಸ್ತಕಗಳ ಒಂದು ಪೆಟ್ಟಿಗೆಯಾಗಿ ಹೊರಬಂದಿತು. ಮೇಜಿನಲ್ಲಿ ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆಯ ಲೋಕವನ್ನೂ ಅಲ್ಲಿನ ಜನರನ್ನೂ ಗಂಡಾಂತರಗಳನ್ನೂ ವರ್ಣಿಸುತ್ತಾರೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿಕೊಂಡು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಪಾತ್ರಗಳು ಅನುಭವ ಗಳಿಸಿ ಒಂದರಿಂದ ಇಪ್ಪತ್ತನೆಯ ಲೆವೆಲ್‌ವರೆಗೆ ಏರಬಹುದು. ಮಾಂತ್ರಿಕನ ಮಂತ್ರಗಳಿಗೆ ಒಂದರಿಂದ ಒಂಬತ್ತರವರೆಗೆ ದರ್ಜೆಗಳಿವೆ. ಪಾತ್ರದ ಲೆವೆಲ್ ಬೇರೆ, ಮಂತ್ರದ ದರ್ಜೆ ಬೇರೆ. ಐದನೆಯ ಲೆವೆಲ್‌ಗೆ ಬಂದ ಮಾಂತ್ರಿಕನಿಗೆ ಮೂರನೆಯ ದರ್ಜೆಯ ಮಂತ್ರಗಳು ನಿಲುಕುತ್ತವೆ.

ಮಂತ್ರ ಪ್ರಯೋಗಿಸುವ ಎಲ್ಲ ಪಾತ್ರಗಳೂ ಒಂದೇ ರೀತಿಯಲ್ಲಿ ಕಲಿಯುವುದಿಲ್ಲ ಎಂಬುದನ್ನು ಲೇಖನ ಗಮನಿಸಿಲ್ಲ. ಕ್ಲೆರಿಕ್ ಎನಿಸಿಕೊಳ್ಳುವ ದೇವಭಕ್ತನಿಗೆ ಆಯಾ ದರ್ಜೆಯ ಪಟ್ಟಿ ಇಡಿಯಾಗಿ ತೆರೆದಿರುತ್ತದೆ. ಅವನು ಪ್ರಾರ್ಥಿಸಿ ಅಂದಿನ ದಿನಕ್ಕೆ ಬೇಕಾದವುಗಳನ್ನು ಆರಿಸಿಕೊಳ್ಳುತ್ತಾನೆ, ಹುಡುಕಾಟದ ಪ್ರಶ್ನೆಯೇ ಇಲ್ಲ. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಸಾರ್ಸರರ್ ಎಂಬ ಪಾತ್ರ ಸೇರಿತು. ಅವನ ಶಕ್ತಿ ರಕ್ತದಲ್ಲೇ ಬಂದದ್ದು, ಮಂತ್ರಗಳು ಕೆಲವೇ, ಆದರೆ ಅವುಗಳಿಗಾಗಿ ಅವನು ಒಂದು ಅಕ್ಷರವನ್ನೂ ಓದಬೇಕಾಗಿಲ್ಲ. ತಾವಾಗಿಯೇ ದೊರೆಯುತ್ತವೆ ಎಂಬ ಮಾತು ಇವನಿಗೆ ಸಲ್ಲಬೇಕಾದದ್ದು. ವಿಝರ್ಡ್ ಎಂಬ ಮಾಂತ್ರಿಕ ಮಾತ್ರ ಪುಸ್ತಕದವನು. ಅವನ ವಿದ್ಯೆ ಅವನದೇ ಕೈಬರಹದಲ್ಲಿ ಒಂದು ಪುಸ್ತಕದೊಳಗೆ ಇರುತ್ತದೆ. ಅದರಲ್ಲಿ ಬರೆದಿಲ್ಲದ ಮಂತ್ರವನ್ನು, ಅದು ಎಷ್ಟೇ ಚಿಕ್ಕದಿರಲಿ, ಅವನು ಬೆಳಗ್ಗೆ ಸಿದ್ಧಪಡಿಸಿಕೊಳ್ಳಲಾರ. ಪುಸ್ತಕಕ್ಕೆ ಹೊರತಾಗಿ ಅವನ ಬಳಿ ಇರುವುದು ಕ್ಯಾಂಟ್ರಿಪ್ ಎನ್ನುವ ಸಣ್ಣಪುಟ್ಟ ಕೈಚಳಕಗಳಷ್ಟೆ.

ಈಗ ಹೆಚ್ಚಿನ ಮೇಜುಗಳಲ್ಲಿ ಬಳಕೆಯಲ್ಲಿರುವ ಐದನೆಯ ಆವೃತ್ತಿಯ ನಿಯಮವನ್ನು, 2014ರ ಪುಸ್ತಕದಲ್ಲಿ ಇರುವಂತೆ, ಮೊದಲು ಹೇಳುತ್ತೇನೆ. ಮಾಂತ್ರಿಕನು ಮೊದಲ ದರ್ಜೆಯ ಆರು ಮಂತ್ರಗಳೊಡನೆ ಆಟಕ್ಕೆ ಇಳಿಯುತ್ತಾನೆ. ಮುಂದೆ ಪ್ರತಿ ಲೆವೆಲ್‌ಗೆ ಎರಡು ಮಂತ್ರಗಳನ್ನು ಖರ್ಚಿಲ್ಲದೆ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾನೆ. ಲೇಖನ ಹೇಳಿದ್ದು ಇಷ್ಟನ್ನೇ. ಇದೇ ಲೆಕ್ಕದಲ್ಲಿ ಇಪ್ಪತ್ತನೆಯ ಲೆವೆಲ್‌ಗೆ ಮುಟ್ಟಿದವನ ಪುಸ್ತಕದಲ್ಲಿ 44 ಮಂತ್ರಗಳು ಇರುತ್ತವೆ. ಆಟದಲ್ಲಿ ಅವನಿಗೆ ಸಲ್ಲುವ ಮಂತ್ರಗಳ ಪಟ್ಟಿಯಾದರೋ ಇದಕ್ಕಿಂತ ಬಹು ದೊಡ್ಡದು. ಉಳಿದವುಗಳನ್ನು ಅವನು ಹುಡುಕಿ ಪಡೆಯಬೇಕು. ಇನ್ನೊಬ್ಬ ಮಾಂತ್ರಿಕನ ಪುಸ್ತಕವೋ, ಹಾಳು ಗೋಪುರದಲ್ಲಿ ಸಿಕ್ಕ, ಮಂತ್ರ ಬರೆದ ಕಾಗದದ ಸುರುಳಿಯೋ ಕೈಗೆ ಬಂದಾಗ ಅದರಲ್ಲಿನ ಮಂತ್ರವನ್ನು ಬಿಡಿಸಿ ಓದಿ, ಅಭ್ಯಾಸ ಮಾಡಿ, ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಮಂತ್ರದ ಪ್ರತಿ ದರ್ಜೆಗೆ ಎರಡು ಗಂಟೆ ಹೊತ್ತು ಮತ್ತು 50 ಚಿನ್ನದ ನಾಣ್ಯ ತಗಲುತ್ತದೆ. ಎಲ್ಲರಿಗೂ ಪ್ರಿಯವಾದ, ಬೆಂಕಿಯ ಚೆಂಡು ಎಸೆಯುವ ಫೈರ್‌ಬಾಲ್ ಮೂರನೆಯ ದರ್ಜೆಯದು. ಅದನ್ನು ನಕಲು ಮಾಡಲು ಆರು ಗಂಟೆ ಹಾಗೂ 150 ನಾಣ್ಯ ಬೇಕು. ಆ ಹಣ ಪ್ರಯೋಗ ಮಾಡಿ ನೋಡುವಾಗ ವ್ಯಯವಾಗುವ ಸಾಮಗ್ರಿಗೆ ಮತ್ತು ವಿಶೇಷ ಶಾಯಿಗೆ ಎಂದು ನಿಯಮಗಳ ಪುಸ್ತಕ ಕಾರಣ ಕೊಡುತ್ತದೆ. ತನ್ನದೇ ಪುಸ್ತಕದ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವುದಾದರೆ ದರ್ಜೆಗೆ ಒಂದು ಗಂಟೆ, ಹತ್ತು ನಾಣ್ಯ ಸಾಕು. ಬರೆದವನಿಗೆ ತನ್ನ ಕೈಬರಹ ಗೊತ್ತೇ ಇರುತ್ತದಲ್ಲ.

ಪುಸ್ತಕದಲ್ಲಿ ಇರುವುದೆಲ್ಲ ಆ ದಿನ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನೂ ಹೊಸಬರಿಗೆ ಹೇಳಬೇಕು. ಬುದ್ಧಿಯ ಅಂಕ (ಪಾತ್ರದ ಜಾಣತನವನ್ನು ಅಳೆಯುವ ಸಂಖ್ಯೆ) 18 ಇರುವ ಐದನೆಯ ಲೆವೆಲ್‌ನ ಮಾಂತ್ರಿಕನು 2014ರ ನಿಯಮದಂತೆ ಒಂಬತ್ತು ಮಂತ್ರಗಳನ್ನು ಮಾತ್ರ ಸಿದ್ಧವಾಗಿಟ್ಟುಕೊಳ್ಳಬಲ್ಲ. ಪುಸ್ತಕ ಕಳೆದುಹೋದರೆ ಅವನ ಪಾಲಿಗೆ ಉಳಿಯುವುದು ಆ ಒಂಬತ್ತು ಮಾತ್ರ. ಅವನ್ನು ಹೊಸ ಪುಸ್ತಕಕ್ಕೆ ಬರೆದುಕೊಂಡು ಉಳಿದವನ್ನು ಮತ್ತೆ ಮೊದಲಿನಂತೆ ಹುಡುಕಬೇಕು. ನಮ್ಮ ಮೇಜಿನಲ್ಲಿ ಒಬ್ಬನ ಪುಸ್ತಕ ಹೊಳೆಯ ಪಾಲಾದಾಗ ಅವನು ನನ್ನ ಮುಖ ನೋಡಿ, "ಸರ, ದಾಳ ಕೈಯಾಗ ಐತಿ, ಮಂತ್ರ ಎಲ್ಲಿಂದ ತರ್ಲಿ?" ಎಂದು ಕೇಳಿದ್ದ. ಈ ಪಾತ್ರದ ಸ್ವಭಾವವನ್ನು ಅರ್ಧ ಪುಟದ ಲೇಖನಕ್ಕಿಂತ ಚೆನ್ನಾಗಿ ಆ ಪ್ರಶ್ನೆ ತಿಳಿಸುತ್ತದೆ.

ಈ ನಿಯಮ ಐವತ್ತು ವರ್ಷಗಳಲ್ಲಿ ಸಾಗಿಬಂದ ದಾರಿಯನ್ನು ನೋಡಿದರೆ, ಲೇಖಕರು ಯಾಕೆ ಹಾಗೆ ಬರೆದರೆಂಬುದು ಅರ್ಥವಾಗುತ್ತದೆ. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಮಂತ್ರ ಕಣ್ಣೆದುರಿಗೆ ಇದ್ದರೂ ಅದು ತಲೆಗೆ ಹತ್ತುತ್ತದೆಂಬ ಭರವಸೆ ಇರಲಿಲ್ಲ. ಬುದ್ಧಿಯ ಅಂಕ ಒಂಬತ್ತಕ್ಕಿಂತ ಕಡಿಮೆ ಇದ್ದವನು ಮಾಂತ್ರಿಕನೇ ಆಗುವಂತಿರಲಿಲ್ಲ. ಒಂಬತ್ತು ಇದ್ದವನಿಗೆ ಯಾವುದೇ ಮಂತ್ರವನ್ನು ಗ್ರಹಿಸುವ ಸಾಧ್ಯತೆ ನೂರಕ್ಕೆ 35, ಹದಿನೈದು ಅಥವಾ ಹದಿನಾರು ಇದ್ದವನಿಗೆ 65, ಹದಿನೇಳಕ್ಕೆ 75, ಹದಿನೆಂಟಕ್ಕೆ 85. ಹತ್ತು ಮುಖದ ಎರಡು ದಾಳಗಳನ್ನು ಉರುಳಿಸಿ ನೂರರ ಲೆಕ್ಕ ನೋಡಬೇಕು. ತಪ್ಪಿದರೆ ಆ ಮಂತ್ರದ ಬಾಗಿಲು ಅವನಿಗೆ ಮುಚ್ಚಿದಂತೆಯೇ. ಮೇಲಾಗಿ ಪ್ರತಿ ದರ್ಜೆಗೂ ಕಲಿಯಬಹುದಾದ ಮಂತ್ರಗಳಿಗೆ ಮಿತಿ ಇತ್ತು: ಮೊದಲ ದರ್ಜೆಯ ಪಟ್ಟಿಯಲ್ಲಿಯೇ 30 ಮಂತ್ರಗಳಿದ್ದರೆ, ಬುದ್ಧಿ 16 ಇದ್ದವನು ಅವುಗಳಲ್ಲಿ 11ಕ್ಕಿಂತ ಹೆಚ್ಚನ್ನು ಜೀವಮಾನದಲ್ಲಿ ಕಲಿಯುವಂತಿರಲಿಲ್ಲ. ಒಂಬತ್ತನೆಯ ದರ್ಜೆಗೆ ಬುದ್ಧಿ 18 ಇರಲೇಬೇಕು. ಆಟದ ಆರಂಭದಲ್ಲಿ ಯಾವ ಮಂತ್ರಗಳಿರಬೇಕೆಂಬುದನ್ನು ಕೂಡ ಮರುವರ್ಷ ಬಂದ ಡಂಜನ್ ಮಾಸ್ಟರ್‌ನ ಕೈಪಿಡಿ ಆಟಗಾರನ ಇಷ್ಟಕ್ಕೆ ಬಿಡದೆ ದಾಳಕ್ಕೆ ಒಪ್ಪಿಸಿತು. ರೀಡ್ ಮ್ಯಾಜಿಕ್ ಎಂಬ ಓದುವ ಮಂತ್ರ ಎಲ್ಲರಿಗೂ ಸಲ್ಲುತ್ತಿತ್ತು, ಏಕೆಂದರೆ ಅದಿಲ್ಲದೆ ಬೇರೆಯವರು ಬರೆದದ್ದನ್ನು ಓದಲಾಗದು. ಅದರ ಜೊತೆಗೆ ಆಕ್ರಮಣಕ್ಕೊಂದು, ರಕ್ಷಣೆಗೊಂದು, ಇತರೆ ಕೆಲಸಕ್ಕೊಂದು ಮಂತ್ರ ದಾಳ ಬಿದ್ದಂತೆ ಸಿಗುತ್ತಿತ್ತು.

ಅದೇ ಕೈಪಿಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಥೆಯಲ್ಲಿ ಬರುವ ಇತರ ಮಾಂತ್ರಿಕರು ತಮ್ಮ ಮಂತ್ರಗಳನ್ನು ಸುಲಭವಾಗಿ ಬಿಟ್ಟುಕೊಡುವವರಲ್ಲ, ಕೊಟ್ಟರೂ ಪ್ರತಿಯಾಗಿ ಬೆಲೆಯುಳ್ಳದ್ದನ್ನು ಕೇಳುವವರು ಎಂದು ಅದು ಡಂಜನ್ ಮಾಸ್ಟರ್‌ಗೆ ತಿಳಿಹೇಳುತ್ತದೆ. ಮಂತ್ರವೆಂಬುದು ಒಬ್ಬರ ಸೊತ್ತು, ಇನ್ನೊಬ್ಬರು ಅದನ್ನು ಸಂಪಾದಿಸಿಕೊಳ್ಳಬೇಕು ಎಂಬ ಈ ಭಾವನೆ ಮಂತ್ರಗಳ ಹೆಸರುಗಳಲ್ಲೂ ಉಳಿದುಕೊಂಡಿದೆ. ಬಿಗ್ಬಿಯ ಕೈ, ಮಾರ್ಡೆನ್‌ಕೈನೆನ್ನನ ಖಡ್ಗ, ಟೆನ್ಸರನ ತೇಲುವ ತಟ್ಟೆ ಎಂದೆಲ್ಲ ಪಟ್ಟಿಯಲ್ಲಿ ಕಾಣುವ ಹೆಸರುಗಳು ಸುಮ್ಮನೆ ಹುಟ್ಟಿದವಲ್ಲ. ಬಿಗ್ಬಿ ಮತ್ತು ಮಾರ್ಡೆನ್‌ಕೈನೆನ್ ಸ್ವತಃ ಗೈಗ್ಯಾಕ್ಸ್ ಆಡುತ್ತಿದ್ದ ಪಾತ್ರಗಳು, ಟೆನ್ಸರ್ ಎಂಬುದು ಗೈಗ್ಯಾಕ್ಸರ ಮಗನ ಪಾತ್ರ. ಯಾರೋ ಒಬ್ಬರು ಯಾವುದೋ ಮೇಜಿನಲ್ಲಿ ಆಡಿ ಬೆಳೆಸಿದ ಮಾಂತ್ರಿಕನ ಹೆಸರು ಹೀಗೆ ಮಂತ್ರಕ್ಕೆ ಅಂಟಿಕೊಂಡು, ಮುಂದಿನವರು ಅದನ್ನು ನಕಲು ಮಾಡುವಾಗ ಆ ಹೆಸರನ್ನೂ ಬರೆದುಕೊಳ್ಳುವಂತಾಯಿತು. ಈ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು.

ದಾಳ ತಪ್ಪಿದರೆ ಎಂದೆಂದಿಗೂ ಇಲ್ಲ ಎಂಬ ಕಟ್ಟಳೆ ಕ್ರೂರವಾದದ್ದೇ. 1989ರ ಎರಡನೆಯ ಆವೃತ್ತಿ ಅದನ್ನು ಸಡಿಲಿಸಿತು: ತಪ್ಪಿದವನು ಇನ್ನೊಂದು ಲೆವೆಲ್ ಏರಿದ ಮೇಲೆ ಅದೇ ಮಂತ್ರಕ್ಕೆ ಮತ್ತೆ ದಾಳ ಹಾಕಬಹುದು. ಮಂತ್ರವಿದ್ಯೆಯ ಒಂದು ಶಾಖೆಯಲ್ಲಿ ಪರಿಣತನಾಗಲು ಹೊರಟವನಿಗೆ ಆ ಶಾಖೆಯ ಮಂತ್ರಗಳಲ್ಲಿ ನೂರಕ್ಕೆ 15 ಹೆಚ್ಚು, ಉಳಿದ ಶಾಖೆಗಳಲ್ಲಿ 15 ಕಡಿಮೆ ಎಂಬ ಹೊಂದಾಣಿಕೆಯೂ ಬಂತು. ಮೂರನೆಯ ಆವೃತ್ತಿಯವರು ನೂರರ ಲೆಕ್ಕವನ್ನು ಬಿಟ್ಟು ಇಪ್ಪತ್ತು ಮುಖದ ದಾಳಕ್ಕೆ ಬಂದರು. ಅದನ್ನು ತಿದ್ದಿ 2003ರಲ್ಲಿ ಹೊರತಂದ ಪುಸ್ತಕದ ಪ್ರಕಾರ ಮಾಂತ್ರಿಕನು ಒಂದು ದಿನ ಅಭ್ಯಾಸ ಮಾಡಿ, ಸ್ಪೆಲ್‌ಕ್ರಾಫ್ಟ್ ಎಂಬ ತನ್ನ ಕೌಶಲದ ಅಂಕವನ್ನು ದಾಳಕ್ಕೆ ಕೂಡಿಸಿ, ಹದಿನೈದು ಮತ್ತು ಮಂತ್ರದ ದರ್ಜೆ ಇವೆರಡರ ಮೊತ್ತವನ್ನು ಮುಟ್ಟಬೇಕು. ಕೌಶಲದ ಅಂಕ ಹನ್ನೊಂದು ಇರುವ ಐದನೆಯ ಲೆವೆಲ್‌ನವನಿಗೆ ಫೈರ್‌ಬಾಲ್ ದಕ್ಕಲು ದಾಳದಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಅಂದರೆ ನೂರಕ್ಕೆ 70ರಷ್ಟು ಸಾಧ್ಯತೆ. ತಪ್ಪಿದರೆ ಆ ಕೌಶಲವನ್ನು ಇನ್ನೊಂದು ಮೆಟ್ಟಿಲು ಏರಿಸಿಕೊಳ್ಳುವವರೆಗೆ ಕಾಯಬೇಕು. ಗೆದ್ದರೆ ಬರೆದುಕೊಳ್ಳಲು ಇನ್ನೂ ಒಂದು ದಿನ, ಮಂತ್ರದ ದರ್ಜೆ ಎಷ್ಟೋ ಅಷ್ಟು ಪುಟ, ಪುಟವೊಂದಕ್ಕೆ 100 ಚಿನ್ನದ ನಾಣ್ಯ. 2008ರ ನಾಲ್ಕನೆಯ ಆವೃತ್ತಿ ಇಡೀ ವ್ಯವಸ್ಥೆಯನ್ನೇ ಬದಲಿಸಿದ್ದರಿಂದ ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

ಹೀಗೆ ನೋಡಿದರೆ ಪ್ರತಿ ಪರಿಷ್ಕರಣೆಯಲ್ಲೂ ಕಲಿಕೆಯ ಭಾರ ಸ್ವಲ್ಪ ಸ್ವಲ್ಪವಾಗಿ ಇಳಿದಿದೆ. 2014ಕ್ಕೆ ಬರುವಷ್ಟರಲ್ಲಿ ಇನ್ನೊಬ್ಬನ ಪುಸ್ತಕದಿಂದ ನಕಲು ಮಾಡುವಾಗ ದಾಳವೇ ಇಲ್ಲ. ಹಣ, ಹೊತ್ತು ಇದ್ದರೆ ಮುಗಿಯಿತು. ಸುರುಳಿಯಿಂದ ನಕಲು ಮಾಡುವಾಗ ಮಾತ್ರ ಹತ್ತು ಮತ್ತು ಮಂತ್ರದ ದರ್ಜೆಯ ಮೊತ್ತಕ್ಕೆ ಮಂತ್ರವಿದ್ಯೆಯ ತಿಳಿವನ್ನು ಅಳೆಯುವ ಆರ್ಕೇನಾ ಕೌಶಲದ ದಾಳ ಹಾಕಬೇಕೆಂಬ ನಿಯಮ ಉಳಿದಿತ್ತು; ಗೆಲ್ಲಲಿ ಸೋಲಲಿ, ಸುರುಳಿ ನಾಶವಾಗುತ್ತದೆ. ಒಂದು ಶಾಖೆಯನ್ನು ಆರಿಸಿಕೊಂಡವನಿಗೆ ಆ ಶಾಖೆಯ ಮಂತ್ರಗಳನ್ನು ಅರ್ಧ ಹೊತ್ತಿನಲ್ಲಿ, ಅರ್ಧ ಹಣದಲ್ಲಿ ನಕಲು ಮಾಡುವ ಸೌಲಭ್ಯವೂ ಇತ್ತು. ಆ ಸೌಲಭ್ಯ ನನಗೆ ಸರಿಯೆನಿಸಿತ್ತು, ಏಕೆಂದರೆ ಅದು ಹುಡುಕಿದವನಿಗೇ ಹೊರತು ಸುಮ್ಮನೆ ಕುಳಿತವನಿಗೆ ಲಾಭ ತರುತ್ತಿರಲಿಲ್ಲ; ನಕಲು ಮಾಡಲು ಮೊದಲು ಯಾರದಾದರೂ ಪುಸ್ತಕ ಕೈಗೆ ಬರಬೇಕಿತ್ತು. 2024ರ ಪರಿಷ್ಕೃತ ಪುಸ್ತಕದಲ್ಲಿ ಅದನ್ನು ತೆಗೆದುಹಾಕಿ, ಶಾಖೆಯ ಎರಡು ಮಂತ್ರಗಳನ್ನು ಪುಕ್ಕಟೆಯಾಗಿ ಕೊಟ್ಟು, ಮುಂದೆ ಹೊಸ ದರ್ಜೆ ತೆರೆದಾಗಲೆಲ್ಲ ಇನ್ನೊಂದನ್ನು ಪುಕ್ಕಟೆಯಾಗಿಯೇ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಹುಡುಕುವವನಿಗೆ ಇದ್ದ ರಿಯಾಯಿತಿ ಹೋಗಿ ಎಲ್ಲರಿಗೂ ಉಡುಗೊರೆ ಬಂತು. ಆಟಗಾರನಿಗೆ ಇದರಿಂದ ನಷ್ಟವಿಲ್ಲ, ಮೇಲ್ನೋಟಕ್ಕೆ ಲಾಭವೇ. ಆದರೆ ಮಾಂತ್ರಿಕನ ಪುಸ್ತಕ ಕಿರಾಣಿ ಅಂಗಡಿಗೆ ಕೊಡುವ ಸಾಮಾನಿನ ಚೀಟಿಯಂತಾಗುತ್ತಿದೆ ಎಂದು ನನಗೆ ಅನಿಸುತ್ತದೆ.

ಉಳಿದ ಕೆಲವು ಆಟಗಳು ಈ ವಿಷಯದಲ್ಲಿ ಹೆಚ್ಚು ಗಂಭೀರವಾಗಿವೆ. 1986ರಲ್ಲಿ ಬಂದ ಗರ್ಪ್ಸ್ ಎಂಬ ಆಟದಲ್ಲಿ ಪ್ರತಿ ಮಂತ್ರವೂ ಒಂದೊಂದು ಪ್ರತ್ಯೇಕ ಕೌಶಲ, ಒಂದರ ಮೇಲೊಂದು ಕಟ್ಟಿಕೊಂಡು ಹೋಗಬೇಕು. ಮೊದಲು ಕಿಡಿ ಹೊತ್ತಿಸಲು ಕಲಿಯಬೇಕು, ಆಮೇಲೆ ಬೆಂಕಿಯನ್ನು ಹುಟ್ಟಿಸಲು ಮತ್ತು ಬೇಕಾದ ಆಕಾರಕ್ಕೆ ತರಲು ಕಲಿಯಬೇಕು, ಅನಂತರವೇ ಬೆಂಕಿಯ ಚೆಂಡನ್ನು ಎಸೆಯುವ ಮಂತ್ರ. ನೆಟ್ಟಗೆ ಬೆಂಕಿಯ ಚೆಂಡಿಗೇ ಕೈ ಹಾಕುವಂತಿಲ್ಲ. 1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್ ಹೇಗನ್ ರೂಪಿಸಿದ ಆರ್ಸ್ ಮ್ಯಾಜಿಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮಧ್ಯಯುಗದ ಯುರೋಪಿನಲ್ಲಿ ನಡೆಯುವ ಈ ಆಟದಲ್ಲಿ ಮಂತ್ರವಿದ್ಯೆಗೆ ಐದು ಕ್ರಿಯೆಗಳು ಮತ್ತು ಹತ್ತು ವಸ್ತುಗಳು. ಕ್ರಿಯೆ ಮತ್ತು ವಸ್ತು ಸೇರಿದಾಗಲೇ ಮಂತ್ರ. ಕಲಿಕೆಯ ಅಳತೆ ಗಂಟೆಯಲ್ಲ, ಋತು. ವರ್ಷಕ್ಕೆ ನಾಲ್ಕೇ ಋತುಗಳು. ಒಂದು ಋತುವನ್ನು ಗ್ರಂಥ ಓದುವುದರಲ್ಲಿ ಕಳೆದರೆ ಪ್ರಯೋಗಶಾಲೆಯಲ್ಲಿ ಹೊಸ ಮಂತ್ರ ಕಟ್ಟುವ ಕೆಲಸ ಮುಂದಿನ ಋತುವಿಗೆ. ಮಾಂತ್ರಿಕರು ಮಠದಂಥ ಒಂದು ನೆಲೆಯಲ್ಲಿ ಕೂಡಿ ಬಾಳುತ್ತಾರೆ, ಅಲ್ಲಿನ ಗ್ರಂಥಭಂಡಾರ ಎಲ್ಲರದು, ಒಳ್ಳೆಯ ಗ್ರಂಥ ಸಿಕ್ಕರೆ ಇಡೀ ನೆಲೆಗೇ ಹಬ್ಬ. ಓದಿಗಾಗಿಯೇ ಇಷ್ಟು ನಿಯಮಗಳನ್ನು ಬರೆದ ಬೇರೆ ಆಟವನ್ನು ನಾನು ನೋಡಿಲ್ಲ.

ಕಲಿಕೆಯನ್ನು ಹುಡುಕಾಟವಾಗಿ ಉಳಿಸಿಕೊಳ್ಳುವುದರಿಂದ ಆಗುವ ಲಾಭವೇನೆಂದು ತಮ್ಮ ಓದುಗರು ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಕುಳಿತು ಆಡುವವರಿಗಂತೂ ಅದರ ಉತ್ತರ ಕಣ್ಣೆದುರಿಗೇ ಇದೆ. ಮಂತ್ರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಎದ್ದ ಕೂಡಲೇ ಕಥೆಗೆ ಒಂದು ಊರು, ಒಬ್ಬ ಗುರು, ಒಂದು ಗ್ರಂಥಭಂಡಾರ ಬೇಕಾಗುತ್ತದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯ ವಿವರ ಅದರಲ್ಲಿದೆ: ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳು, ಅಧ್ಯಾಪಕನ ಜೀವನಕ್ಕೆ ಭೂಮಿ, ಊರಲ್ಲಿ ಮದುವೆ, ಉಪನಯನಗಳು ನಡೆದಾಗ ಶಾಲೆಗೆ ಸಲ್ಲಬೇಕಾದ ಕಾಣಿಕೆ. ಪುಟಕ್ಕೆ ನೂರು ನಾಣ್ಯ, ದರ್ಜೆಗೆ ಐವತ್ತು ನಾಣ್ಯ ಎಂದು ಆಟದ ಪುಸ್ತಕ ಹೇಳುವಾಗ ಆ ಹಣ ಗಾಳಿಯಲ್ಲಿ ಕರಗಿಹೋಗುತ್ತದೆ. ಸಾಲೋಟಗಿಯಂಥ ಶಾಲೆಯನ್ನು ಕಥೆಯೊಳಗೆ ತಂದರೆ ಅದೇ ಹಣ ಯಾರ ಊಟಕ್ಕೆ, ಯಾರ ಎಣ್ಣೆದೀಪಕ್ಕೆ ಹೋಯಿತೆಂಬುದು ಆಟಗಾರನಿಗೆ ಕಾಣುತ್ತದೆ.

ಇನ್ನು ಪುಸ್ತಕದ ಮಾತು. ವಿಜಯಪುರದಲ್ಲಿ ಮೊದಲನೆಯ ಅಲಿ ಆದಿಲ್ ಶಾಹನ ಆಳ್ವಿಕೆಯಲ್ಲಿ, 1570ರಲ್ಲಿ, ನುಜೂಮ್ ಅಲ್ ಉಲೂಮ್ ಎಂಬ ಪರ್ಷಿಯನ್ ಭಾಷೆಯ ಸಚಿತ್ರ ಗ್ರಂಥವೊಂದು ಸಿದ್ಧವಾಯಿತು. ಗ್ರಹನಕ್ಷತ್ರಗಳು, ತಾಯಿತ ಯಂತ್ರಗಳು, ಆವಾಹನೆಯ ದೇವತೆಗಳು, ಆಯುಧಗಳು ಎಲ್ಲವೂ ಅದರಲ್ಲಿ ಬಣ್ಣದ ಚಿತ್ರಗಳ ಸಮೇತ ಇವೆ. ಆಟದ ಮಾಂತ್ರಿಕನ ಪುಸ್ತಕ ಹೇಗಿರಬಹುದೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅದರ ಚಿತ್ರಗಳನ್ನೇ. ಮೂಲ ಗ್ರಂಥ ಈಗ ಇರುವುದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿ. ವಿಜಯಪುರದ ಆಸಾರ್ ಮಹಲಿನಲ್ಲಿ ಉಳಿದುಕೊಂಡಿದ್ದ ಅರಬ್ಬಿ, ಪರ್ಷಿಯನ್ ಹಸ್ತಪ್ರತಿಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಹೋದವು. ನಮ್ಮ ಮೇಜಿನ ಕಥೆ ಇದನ್ನೇ ಹಿಡಿದು ಬೆಳೆದಿದೆ: ಕೋಟೆಯೊಳಗಿನ ಗ್ರಂಥಭಂಡಾರವನ್ನು ಯಾರೋ ಹಡಗಿಗೆ ಏರಿಸಿದ್ದಾರೆ, ಹೋಗುವ ದಾರಿಯಲ್ಲಿ ಉದುರಿದ ಹಾಳೆಗಳು ಒಂದೊಂದು ಊರಲ್ಲಿ ಒಬ್ಬೊಬ್ಬರ ಮನೆಯ ಅಟ್ಟದ ಮೇಲಿವೆ, ಮಾಂತ್ರಿಕನು ಅವನ್ನು ಹುಡುಕಿಕೊಂಡು ಹೋಗಬೇಕು. ಮಂತ್ರಗಳು ತಾವಾಗಿಯೇ ಬರುವಂತಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಹಾಳೆ ಕೊಡುವ ಮನೆಯವರು ಸುಮ್ಮನೆ ಕೊಡುವುದಿಲ್ಲವಾದ್ದರಿಂದ ಖಡ್ಗ ಹಿಡಿದವರಿಗೂ ಕಳ್ಳನ ಪಾತ್ರದವರಿಗೂ ಅಲ್ಲಿ ಕೆಲಸವಿದೆ. ಒಬ್ಬನ ಓದು ಇಡೀ ಗುಂಪಿನ ಪ್ರಯಾಣವಾಗುತ್ತದೆ.

ಇದಕ್ಕೆ ಎದುರಾಗಿ ಹೇಳುವ ಮಾತುಗಳೂ ಇವೆ, ಅವುಗಳಲ್ಲಿ ಒಂದನ್ನು ನಾನು ಒಪ್ಪುತ್ತೇನೆ. ಡಂಜನ್ ಮಾಸ್ಟರ್ ಜಿಪುಣನಾದರೆ ಮಾಂತ್ರಿಕನ ಗತಿ ಕೆಡುತ್ತದೆ. ಪುಸ್ತಕವಾಗಲಿ ಸುರುಳಿಯಾಗಲಿ ಕಥೆಯಲ್ಲಿ ಬಾರದೇ ಹೋದರೆ ಅವನು ಯಾವುದನ್ನು ಹುಡುಕಬೇಕು? ಪ್ರತಿ ಲೆವೆಲ್‌ಗೆ ಎರಡು ಪುಕ್ಕಟೆ ಮಂತ್ರಗಳ ನಿಯಮ ಅಂಥ ಜಿಪುಣತನದ ವಿರುದ್ಧ ಒಂದು ರಕ್ಷಣೆ. ಅದನ್ನು ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಸೆಮಿಸ್ಟರ್ ಪರೀಕ್ಷೆಗಳ ನಡುವೆ ಬಿಡುವು ಮಾಡಿಕೊಂಡು ಬರುವ ವಿದ್ಯಾರ್ಥಿಗಳಿಗೆ ಇಷ್ಟೊಂದು ಲೆಕ್ಕ ಏಕೆ ಎಂಬ ಎರಡನೆಯ ಆಕ್ಷೇಪ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಬಾಣಗಳನ್ನೂ ರೊಟ್ಟಿಗಳನ್ನೂ ಎಣಿಸುವ ಲೆಕ್ಕ ಬೇಸರ ತರಬಹುದು, ಅದನ್ನು ನಾವೂ ಬಿಟ್ಟಿದ್ದೇವೆ. ಆದರೆ ತನ್ನ ಮಂತ್ರಗಳ ಪಟ್ಟಿಯನ್ನು ತಾನೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಪಕ್ಕದಲ್ಲಿ ಯಾರಿಂದ, ಯಾವ ಊರಲ್ಲಿ ಸಿಕ್ಕಿತೆಂದು ಗುರುತು ಹಾಕಿಕೊಳ್ಳುವುದರಲ್ಲಿ ಬೇಸರಪಟ್ಟ ಮಾಂತ್ರಿಕನನ್ನು ನಾನು ಇನ್ನೂ ಕಂಡಿಲ್ಲ.

ಆದ್ದರಿಂದ ನಮ್ಮ ಮೇಜಿನಲ್ಲಿ ನಾವು ನಡೆಸಿಕೊಂಡು ಬಂದಿರುವ ಕ್ರಮವನ್ನು, ಬೇರೆಯವರಿಗೂ ಉಪಯೋಗವಾದೀತೆಂದು, ಇಲ್ಲಿ ಕೊಡುತ್ತೇನೆ. ಆರಂಭದ ಆರು ಮಂತ್ರಗಳು ಪಾತ್ರದ ಗುರುವಿನಿಂದ ಬಂದವು. ಆ ಗುರು ಯಾರು, ಎಲ್ಲಿದ್ದಾನೆ ಎಂಬುದನ್ನು ಆಟಗಾರನೇ ಹೇಳಬೇಕು. ಲೆವೆಲ್ ಏರಿದಾಗ ಸಿಗುವ ಎರಡು ಮಂತ್ರಗಳಲ್ಲಿ ಒಂದು ಅವನ ಇಷ್ಟದ್ದು. ಇನ್ನೊಂದು, ಅಲ್ಲಿಯವರೆಗೆ ಕಥೆಯಲ್ಲಿ ಯಾರಾದರೂ ಪ್ರಯೋಗಿಸಿದ್ದನ್ನು ಅವನು ಕಣ್ಣಾರೆ ಕಂಡದ್ದಾಗಿರಬೇಕು. ಶತ್ರು ಮಾಂತ್ರಿಕ ಏನು ಮಾಡುತ್ತಾನೆಂದು ಆಟಗಾರರು ಕಿವಿಗೊಟ್ಟು ಕೇಳುವಂತಾಗಲು ಇದೊಂದೇ ಸಾಕು. ಹೊರಗಿನ ಪುಸ್ತಕವಿರಲಿ, ಸುರುಳಿಯಿರಲಿ, ನಕಲು ಮಾಡುವಾಗ ಹತ್ತು ಮತ್ತು ಮಂತ್ರದ ದರ್ಜೆಯ ಮೊತ್ತಕ್ಕೆ ಆರ್ಕೇನಾ ದಾಳ ಹಾಕಲೇಬೇಕು. ಬುದ್ಧಿ 18 ಇರುವ ಐದನೆಯ ಲೆವೆಲ್‌ನ ಮಾಂತ್ರಿಕನು ಈ ಕೌಶಲದಲ್ಲಿ ತರಬೇತಾಗಿದ್ದರೆ ದಾಳಕ್ಕೆ ಏಳು ಕೂಡಿಸುತ್ತಾನೆ. ಫೈರ್‌ಬಾಲಿಗೆ ಹದಿಮೂರು ಬೇಕು, ದಾಳದಲ್ಲಿ ಆರು ಅಥವಾ ಹೆಚ್ಚು ಬಿದ್ದರೆ ಸರಿ. ಅದು ನೂರಕ್ಕೆ 75ರ ಸಾಧ್ಯತೆ, 1978ರ ಪಟ್ಟಿಯಲ್ಲಿ ಬುದ್ಧಿ 17 ಇದ್ದವನಿಗೆ ಕೊಟ್ಟಷ್ಟೇ. ತಪ್ಪಿದರೆ ಶಾಯಿಯ ಹಣ ಹೋಯಿತು, ಹೊತ್ತು ಹೋಯಿತು, ಮುಂದಿನ ಲೆವೆಲ್‌ವರೆಗೆ ಆ ಮಂತ್ರಕ್ಕೆ ಮತ್ತೆ ಕೈಹಾಕುವಂತಿಲ್ಲ. ಈ ಕೊನೆಯ ಭಾಗವನ್ನು ಎರಡನೆಯ ಆವೃತ್ತಿಯಿಂದ ತೆಗೆದುಕೊಂಡಿದ್ದೇವೆ. ಎಲ್ಲ ಆವೃತ್ತಿಗಳಲ್ಲಿ ನ್ಯಾಯವಾದ ನಿಯಮ ಅದೇ ಎಂದು ನನ್ನ ತೀರ್ಪು. ಸೋತ ಮಂತ್ರ ಮುಂದೊಂದು ದಿನ ಒಲಿಯಬಹುದೆಂಬ ಆಸೆ ಅಲ್ಲಿ ಉಳಿದಿರುತ್ತದೆ, ಹಣ ಸುರಿದ ಮಾತ್ರಕ್ಕೆ ಒಲಿಯುತ್ತದೆಂಬ ಖಾತ್ರಿ ಇರುವುದಿಲ್ಲ.

ಮಗ ಮಂತ್ರ ತಂತ್ರ ಕಲಿಯುತ್ತಿದ್ದಾನೆಂದು ಗಾಬರಿಗೊಂಡು ಬರುವ ತಾಯಿತಂದೆಗಳೂ ಇದ್ದಾರೆ. ಮೇಲೆ ಹೇಳಿದ ಕೂಡಿಸುವ ಕಳೆಯುವ ಲೆಕ್ಕವನ್ನು ಅವರಿಗೆ ತೋರಿಸಿದರೆ ಸಾಕಾಗುತ್ತದೆ.

ಕೊನೆಗೆ ತಮ್ಮಲ್ಲಿ ಎರಡು ವಿನಂತಿಗಳು. ಮುಂದಿನ ಪುರವಣಿಯಲ್ಲಿ ಆ ವಾಕ್ಯಕ್ಕೆ ಒಂದು ತಿದ್ದುಪಡಿ ಪ್ರಕಟಿಸಬೇಕು: ಲೆವೆಲ್‌ಗೆ ಎರಡು ಮಂತ್ರಗಳು ಖರ್ಚಿಲ್ಲದೆ ಸಿಗುತ್ತವೆ, ಉಳಿದವನ್ನು ಹುಡುಕಿ, ಹಣ ಮತ್ತು ಹೊತ್ತು ವ್ಯಯಿಸಿ ಬರೆದುಕೊಳ್ಳಬೇಕು ಎಂದಿದ್ದರೆ ಸಾಕು. ಎರಡನೆಯದಾಗಿ, ಮಾಂತ್ರಿಕನ ಪುಸ್ತಕದ ನಿಯಮಗಳನ್ನು ತಾವು ಕನ್ನಡದಲ್ಲೇ ಅಚ್ಚು ಮಾಡಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ; ಅನುವಾದಿಸಬಹುದು, ಬದಲಿಸಬಹುದು, ಮಾರಲೂಬಹುದು. ಮಂತ್ರಪುಸ್ತಕ, ನಕಲು, ಹೊತ್ತು, ಖರ್ಚು ಎಲ್ಲವೂ ಆ ದಾಖಲೆಯಲ್ಲಿವೆ. ಬಿಗ್ಬಿ, ಟೆನ್ಸರ್ ಮೊದಲಾದ ಹೆಸರುಗಳನ್ನು ಮಾತ್ರ ಅದರಿಂದ ತೆಗೆದಿದ್ದಾರೆ, ಕೈ ಎಂದಿದೆ, ತೇಲುವ ತಟ್ಟೆ ಎಂದಿದೆ. ಆ ಖಾಲಿ ಜಾಗದಲ್ಲಿ ನಮ್ಮ ಹುಡುಗರು ತಮ್ಮ ತಮ್ಮ ಮಾಂತ್ರಿಕರ ಹೆಸರುಗಳನ್ನು ಈಗಾಗಲೇ ಬರೆದುಕೊಂಡಿದ್ದಾರೆ. ಪರವಾನಗಿಯ ಮುಖ್ಯ ಷರತ್ತು ಇದು: ಮೂಲ ಯಾರದೆಂದು ತಿಳಿಸುವ, ಆ ದಾಖಲೆಯ ಮೊದಲ ಪುಟದಲ್ಲೇ ಕೊಟ್ಟಿರುವ ಹೇಳಿಕೆಯನ್ನು ಅನುವಾದದ ಜೊತೆಗೆ ಅಚ್ಚು ಮಾಡಬೇಕು. ಅನುವಾದಕ್ಕೆ ಬೇಕಾದ ನೆರವನ್ನು ನಮ್ಮ ಗುಂಪಿನವರು ಸಂತೋಷದಿಂದ ಕೊಡುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ,
ವಿಜಯಪುರ